ನಡೆಯೇ ಸಾಕ್ಷಿ: ಹೆರ್ಮನ್ ಮೋಗ್ಲಿಂಗ್ ಮತ್ತು ಆನಂದರಾವ್ ಕೌಂಡಿನ್ಯ

ಮತವೊಂದರ ಚರಿತ್ರೆಯನ್ನು ಬರೆಯುವವರಿಗೆ ಎರಡು ಬಗೆಯ ಸಾಧನಗಳು ದೊರೆಯುತ್ತವೆ. ಆ ಮತದವರು ನುಡಿದುದು ಒಂದು, ನಡೆದುದು ಇನ್ನೊಂದು. ನುಡಿದುದು ಗ್ರಂಥಗಳಲ್ಲಿ ಸುಲಭವಾಗಿ ಸಿಕ್ಕುವುದರಿಂದ ಚರಿತ್ರಕಾರರು ಅದನ್ನೇ ಹೆಚ್ಚಾಗಿ ಆಶ್ರಯಿಸುವುದುಂಟು. ಆದರೆ ನಮ್ಮ ಪೂರ್ವಿಕರು ಶ್ರುತಕ್ಕಿಂತ ಶೀಲಕ್ಕೆ ಹೆಚ್ಚಿನ ಪ್ರಾಮಾಣ್ಯವನ್ನು ಕೊಟ್ಟಿದ್ದರು. ಕನ್ನಡನಾಡಿನ ಶಿವಶರಣರು ನುಡಿನಡೆಗಳ ಐಕ್ಯವನ್ನೇ ಭಕ್ತಿಯ ಒರೆಗಲ್ಲಾಗಿ ಇಟ್ಟುಕೊಂಡರು. ಪರದೇಶದಿಂದ ಬಂದ ಕ್ರೈಸ್ತಮತವನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು. ಏಕೆಂದರೆ ಮಂಗಳೂರಿನಲ್ಲಿ ಆ ಮತವನ್ನು ಬೋಧಿಸಿದ ಬಾಸೆಲ್ ಮಿಶನ್ನಿನವರು ತಮ್ಮನ್ನು ಇದೇ ಅಳತೆಯಿಂದ ಅಳೆದುಕೊಳ್ಳುತ್ತಿದ್ದವರು.

ಇದರ ಮೂಲವು ಜರ್ಮನಿಯಲ್ಲಿದೆ. ಮನುಷ್ಯನಿಗೆ ಮುಕ್ತಿಯು ಕರ್ಮದಿಂದಲ್ಲ, ವಿಶ್ವಾಸದಿಂದಲೇ ಎಂದು ಲೂಥರನು ೧೬ನೆಯ ಶತಮಾನದಲ್ಲಿ ಸಾರಿದನು. ಕಾಲಕ್ರಮದಲ್ಲಿ ಆ ವಿಶ್ವಾಸವು ಬಾಯಿಪಾಠದ ಸಿದ್ಧಾಂತವಾಗಿ ಒಣಗುತ್ತ ಬಂದಿತೆಂದು ಕೆಲವರಿಗೆ ತೋರಿತು. ಫಿಲಿಪ್ ಯಾಕೋಬ್ ಸ್ಪೇನರ್ ಎಂಬಾತನು ೧೬೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕ್ರೈಸ್ತತ್ವವು ಜ್ಞಾನಮಾತ್ರದಲ್ಲಿ ಮುಗಿಯದೆ ಆಚರಣೆಯಲ್ಲಿ ಕಾಣಬೇಕೆಂದು ವಾದಿಸಿದನು. ಪಯೆಟಿಸಮ್ ಎಂದು ಹೆಸರಾದ ಈ ಭಕ್ತಿಪಂಥವು ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ ಆಳವಾಗಿ ಬೇರೂರಿತು. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿಗೆ ಬಹುಮಂದಿ ಪ್ರಚಾರಕರನ್ನು ಒದಗಿಸಿದ್ದು ಆ ಸೀಮೆಯೇ. ಮಿಶನ್ನಿನ ಮೊದಲ ಮೂವರು ಬೋಧಕರು ೧೮೩೪ರಲ್ಲಿ ಮಂಗಳೂರಿಗೆ ಬಂದರು.

ಹೆರ್ಮನ್ ಮೋಗ್ಲಿಂಗ್ ಅವರು ಇದೇ ವ್ಯುರ್ಟೆಂಬೆರ್ಗಿನಲ್ಲಿ ೧೮೧೧ರಲ್ಲಿ ಜನಿಸಿ, ಟ್ಯೂಬಿಂಗೆನ್ನಿನಲ್ಲಿ ವಿದ್ಯಾಭ್ಯಾಸ ಮಾಡಿ, ೧೮೩೬ರಲ್ಲಿ ಮಂಗಳೂರನ್ನು ಸೇರಿದರು. ೧೮೪೩ನೆಯ ಜುಲೈ ೧ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ದ್ರವ್ಯಸಹಾಯದಿಂದ ೧೮೪೮ರಿಂದ ಹೊರಬರತೊಡಗಿದ ‘ಬಿಬ್ಲಿಯೊಥೆಕ ಕರ್ನಾಟಿಕ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವು ಕಲ್ಲಚ್ಚಿನಲ್ಲಿ ಮುದ್ರಿತವಾದುವು. ಪಾದ್ರಿಯೊಬ್ಬನು ವೈಷ್ಣವ ಶೈವ ಗ್ರಂಥಗಳಿಗಾಗಿ ಇಷ್ಟು ಶ್ರಮಪಟ್ಟುದೇಕೆಂದು ಕೇಳಬಹುದು. ಈ ನಾಡಿನವರ ಮನಸ್ಸನ್ನು ತಿಳಿದು ಬೋಧಿಸಬೇಕೆಂಬ ಪ್ರಯೋಜನದೃಷ್ಟಿಯು ಅದರಲ್ಲಿ ಇದ್ದೇ ಇತ್ತು, ಅದನ್ನು ಮರೆಮಾಚಬೇಕಾದುದಿಲ್ಲ. ಆದರೂ ತಾನು ಒಪ್ಪದ ಮತವನ್ನು ಕೇಳಿದ ಮಾತಿನಿಂದಲ್ಲದೆ ಅದರ ಮೂಲಗ್ರಂಥದಿಂದಲೇ ತಿಳಿಯಬೇಕೆಂಬ ನಿಯಮವು ಪೂರ್ವಪಕ್ಷವನ್ನು ಯಥಾವತ್ತಾಗಿ ನಿರೂಪಿಸುವ ಶಾಸ್ತ್ರಕಾರರ ಪ್ರಾಮಾಣಿಕತೆಯ ಜಾತಿಗೇ ಸೇರಿದುದು.

ಮೋಗ್ಲಿಂಗರ ಬೋಧನೆಯು ಇನ್ನೊಬ್ಬನ ಬಾಳಿನಲ್ಲಿ ಎಂತಹ ಪರೀಕ್ಷೆಗೆ ಒಳಗಾಯಿತೆಂಬುದನ್ನು ಆನಂದರಾವ್ ಕೌಂಡಿನ್ಯರ ಚರಿತ್ರೆಯು ತೋರಿಸುತ್ತದೆ. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ೧೮೨೫ರಲ್ಲಿ ಹುಟ್ಟಿದ ಈ ತರುಣನು ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, ೧೮೪೪ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನವನ್ನು ಪಡೆದನು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆ, ಬಂಧುವರ್ಗ, ಕುಲಗೌರವ ಎಲ್ಲವೂ ಒಂದೇ ದಿನದಲ್ಲಿ ಕಳಚಿದುವು. ಆತನ ಪತ್ನಿಯು ತನ್ನ ಬಂಧುಗಳಲ್ಲಿಯೇ ಉಳಿದಳು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪುರುಷನು ತನ್ನ ನಂಬುಗೆಗಾಗಿ ತೆತ್ತ ಬೆಲೆಯನ್ನು ಕೊಂಡಾಡುವವರು, ಅದರಲ್ಲೊಂದು ಪಾಲನ್ನು ಆ ಸ್ತ್ರೀಯೂ ತೆರಬೇಕಾಯಿತೆಂಬುದನ್ನು ಮರೆಯಬಾರದು. ಆಕೆಯೂ ತನ್ನ ಧರ್ಮವನ್ನು ಬಿಡದೆ ನಡೆದವಳೇ. ಕೌಂಡಿನ್ಯರು ೧೮೪೬ರಲ್ಲಿ ಮೋಗ್ಲಿಂಗರೊಡನೆ ಯುರೋಪಿಗೆ ಹೋಗಿ, ಬಾಸೆಲ್ಲಿನಲ್ಲಿ ಶಿಕ್ಷಣ ಪಡೆದು, ೧೮೫೧ರಲ್ಲಿ ಬೋಧಕಪಟ್ಟವನ್ನು ಹೊಂದಿ ಹಿಂದಿರುಗಿದರು.

ಅನಂತರದ ಕಾರ್ಯಕ್ಷೇತ್ರವು ಕೊಡಗು. ೧೮೫೩ರಲ್ಲಿ ಮೋಗ್ಲಿಂಗರು ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೊರಡುವವರಿದ್ದರು. ಆಗ ಆಲ್ಮಂಡ ಸೋಮಯ್ಯನೆಂಬ ಕೊಡವನು ಕ್ರೈಸ್ತನಾದುದರಿಂದ, ಪ್ರಯಾಣವನ್ನು ನಿಲ್ಲಿಸಿ ಅವನೊಡನೆ ಆ ಬೆಟ್ಟದ ನಾಡಿಗೆ ಹೋದರು. ಅಲ್ಲಿ ಹೊಲೆಯರೆಂದು ಕರೆಯಲ್ಪಡುತ್ತಿದ್ದ ಕೃಷಿಕಾರ್ಮಿಕರು ತಲೆತಲಾಂತರದಿಂದ ಭೂಮಿಯೊಡನೆ ಬಂಧಿತರಾಗಿದ್ದರು. ದಾಸ್ಯಕ್ಕೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ ಶಾಸನವು ೧೮೪೩ರಲ್ಲಿಯೇ ಆಗಿದ್ದರೂ, ನೆಲವಿಲ್ಲದವನಿಗೆ ಶಾಸನದ ಅಕ್ಷರವು ಅನ್ನವನ್ನು ಕೊಡಲಾರದು. ಇಂತಹವರಿಗಾಗಿ ಮೋಗ್ಲಿಂಗರು ಒಂದು ಹಳ್ಳಿಯನ್ನೇ ಕಟ್ಟಿದರು. ಕೌಂಡಿನ್ಯರ ಸ್ವಂತ ಹಣವೂ ಅದಕ್ಕೆ ಸೇರಿತು. ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂಬ ನಾಮಕರಣವಾಯಿತು. ಬ್ರಾಹ್ಮಣ್ಯದಲ್ಲಿ ಹುಟ್ಟಿದವನ ಧನವು ಅಸ್ಪೃಶ್ಯರೆನಿಸಿಕೊಂಡವರ ನೆಲೆಗಾಗಿ ವಿನಿಯೋಗವಾದುದು ಅಂದಿನ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿಭೇದವನ್ನು ಸಲ್ಲಗೊಡದಿದ್ದುದರಿಂದ, ದಾನ ಮಾಡಿ ದೂರ ನಿಲ್ಲುವ ಅವಕಾಶವೂ ಕೌಂಡಿನ್ಯರಿಗೆ ಇರಲಿಲ್ಲ. ಪ್ರಭುಭೋಜನದಲ್ಲಿ ಆ ಜನರೊಡನೆಯೇ ಪಾಲುಗೊಳ್ಳಬೇಕಾಗಿತ್ತು. ಮೋಗ್ಲಿಂಗರು ೧೮೬೦ರಲ್ಲಿ ಸ್ವದೇಶಕ್ಕೆ ಮರಳಿ ೧೮೮೧ರಲ್ಲಿ ತೀರಿಕೊಂಡರು. ಕೌಂಡಿನ್ಯರು ೧೮೯೩ರಲ್ಲಿ ಕಾಲವಾದದ್ದು ಆನಂದಪುರದಲ್ಲಿಯೇ.

ಇದೇ ನಿಯಮದ ಇನ್ನೊಂದು ಮುಖವು ಮಿಶನ್ನಿನ ಕಾರ್ಖಾನೆಗಳಲ್ಲಿ ಕಾಣುತ್ತದೆ. ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವುದು ಬೋಧಿಸಿದವರ ಹೊಣೆಯಾಯಿತು. ಹಾಲರ್ ಅವರು ೧೮೫೧ರಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಮುನ್ನಡೆಸಲು ಮಂಗಳೂರಿಗೆ ಬಂದರು; ೧೮೬೫ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ದುಡಿಮೆಯೂ ದೇವರ ಸೇವೆಯೆಂಬ ಭಾವನೆಯು ಇದರ ಹಿಂದೆ ಇದ್ದಿತೆಂಬುದು ನಿಜ. ಆದರೆ ಇಲ್ಲಿ ವಿಚಾರವಂತರು ತಡೆದು ನಿಲ್ಲಬೇಕಾದ ತೊಡಕೊಂದಿದೆ. ಕೂಲಿಯನ್ನು ಕೊಡುವ ಸಂಸ್ಥೆಯೇ ನಡತೆಯನ್ನೂ ತೂಗಿ ನೋಡುವಾಗ, ಕೆಲಸಗಾರನ ಸದಾಚಾರವು ಭಕ್ತಿಯಿಂದ ಹುಟ್ಟಿತೋ ಹೊಟ್ಟೆಪಾಡಿನಿಂದ ಹುಟ್ಟಿತೋ ಎಂಬುದನ್ನು ಹೊರಗಿನವರು ನಿರ್ಣಯಿಸುವುದು ಹೇಗೆ? ಸದಾಚಾರವು ಲಾಭಕ್ಕೆ ದಾರಿಯಾದೊಡನೆ ಅದರ ಸಾಕ್ಷ್ಯಬಲವು ತಗ್ಗುತ್ತದೆ. ಇದರಿಂದ ಕೆಲಸಗಾರರ ನಂಬುಗೆಯು ಸುಳ್ಳೆಂದು ಸಿದ್ಧವಾಗುವುದಿಲ್ಲ. ಅದನ್ನು ಅಳೆಯುವ ಅಳತೆಗೋಲು ಮಾತ್ರ ಅಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತದೆ.

ಆದುದರಿಂದ ನಡೆಯು ನಂಬುಗೆಗೆ ಸಾಕ್ಷಿಯೆಂಬ ಮಾತಿಗೆ ಒಂದು ವಿಶೇಷಣವನ್ನು ಸೇರಿಸಬೇಕಾಗುತ್ತದೆ. ನಡೆದವನಿಗೆ ಯಾವ ನಡೆಯಿಂದ ನಷ್ಟವು ಒದಗಿತೋ, ಮತ್ತು ಆ ನಷ್ಟವನ್ನು ಅವನು ಒಂದು ದಿನದ ಉತ್ಸಾಹದಲ್ಲಲ್ಲದೆ ವರ್ಷಾನುವರ್ಷ ಹೊತ್ತನೋ, ಆ ನಡೆಯೇ ಬಲವಾದ ಸಾಕ್ಷಿ. ಸಿದ್ಧಾಂತದಲ್ಲಿ ಮೋಗ್ಲಿಂಗ್ ಕೌಂಡಿನ್ಯರನ್ನು ಒಪ್ಪದವರು ಅಂದೂ ಬಹುಮಂದಿ ಇದ್ದರು, ಇಂದೂ ಇದ್ದಾರೆ. ಆದರೆ ಅನ್ಯಮತದ ಗ್ರಂಥವನ್ನು ಶ್ರಮದಿಂದ ಅಚ್ಚಿಗೆ ಸಿದ್ಧಪಡಿಸಿದ ಕೈಯನ್ನೂ, ತನ್ನ ಹಣವನ್ನು ಹೊಲವಿಲ್ಲದವರ ಹಳ್ಳಿಗಾಗಿ ಬಿಚ್ಚಿದ ಕೈಯನ್ನೂ ಗುರುತಿಸಲು ಸಿದ್ಧಾಂತದ ಒಪ್ಪಿಗೆಯು ಬೇಕಾಗುವುದಿಲ್ಲ. ಕನ್ನಡನಾಡಿನ ಕ್ರೈಸ್ತಮತದ ಚರಿತ್ರೆಯನ್ನು ಬರೆಯುವವರು ದೀಕ್ಷಾಸ್ನಾನಗಳ ಸಂಖ್ಯೆಯನ್ನು ಲೆಕ್ಕಹಾಕುವುದರ ಜೊತೆಗೆ ಇಂತಹ ನಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಆ ಚರಿತ್ರೆಯು ಒಂದು ಮತದ ವೃತ್ತಾಂತವಾಗಿ ಉಳಿಯದೆ ಈ ನಾಡಿನ ಶೀಲದ ಇತಿಹಾಸದಲ್ಲಿ ಒಂದು ಅಧ್ಯಾಯವಾಗುವುದು.