ರೂವಾರಿಯ ರುಜು

ಶಾಲೆಗಳ ಚಿತ್ರಕಲೆಯ ತರಗತಿಗಳಲ್ಲಿ ಈಚೆಗೆ ಒಂದು ಅಭ್ಯಾಸ ರೂಢಿಗೆ ಬಂದಿದೆ. ತಮ್ಮ ಚಿತ್ರವನ್ನು ತಾವೇ ಮಾಡಿಕೊಂಡು ಬನ್ನಿರೆಂದು ಮಕ್ಕಳಿಗೆ ಹೇಳುತ್ತಾರೆ. ಕನ್ನಡಿ ನೋಡಿಕೊಂಡು ಮೂಗು ಬಾಯಿ ಬರೆದರೆ ಸಾಲದು. ಬಸ್ಸಿನ ಟಿಕೆಟ್ಟು, ಅಮ್ಮನ ಹಳೆಯ ಸೀರೆಯ ಚೂರು, ಲಗ್ನಪತ್ರಿಕೆಯ ಅಂಚು, ಊರಿನ ಹೆಸರಿರುವ ಒಂದು ಕಾಗದ, ಹೀಗೆ ತನಗೆ ಸೇರಿದ್ದೆಂದು ತೋರುವ ತುಣುಕುಗಳನ್ನು ಆಯ್ದು, ಅಂಟಿಸಿ, 'ಇದು ನಾನು' ಎಂದು ಒಪ್ಪಿಸಬೇಕು. ಇದಕ್ಕೆ ಕೊಲಾಜ್ ಎಂದು ಹೆಸರು; ಅಂಟಿಸುವುದೆಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ತಮ್ಮ ಚಿತ್ರಗಳಲ್ಲಿ ಇಂಥ ತುಣುಕುಗಳನ್ನು ಅಂಟಿಸಿದಾಗ ಕಲಾಲೋಕ ಅದನ್ನು ಹೊಸತೆಂದು ಬಗೆಯಿತು. ಅಂಟಿಸುವ ಬಗೆ ಹೊಸತಾಗಿರಬಹುದು. ಆದರೆ ತಾನು ಯಾರೆಂಬುದನ್ನು ತುಣುಕು ತುಣುಕಾಗಿ ಜೋಡಿಸಿ ಹೇಳುವ ಕೆಲಸ ನಮ್ಮ ಹಾಸನದ ಸೀಮೆಯಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ನಡೆದಿದೆ. ಕಾಗದದ ಮೇಲಲ್ಲ, ಬಳಪದ ಕಲ್ಲಿನ ಮೇಲೆ.

ಬೇಲೂರಿನ ಚೆನ್ನಕೇಶವನ ಗುಡಿ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಅದರ ಹೊರಗೋಡೆಯ ಮೇಲೆ, ಸೂರಿನ ಕೆಳಗೆ ನಿಂತಿರುವ 38 ಮದನಿಕೆಯರನ್ನು ಕಾಣದ ಕನ್ನಡಿಗರು ಕಡಿಮೆ. ನಾವು ಅವರ ಮುಖ ನೋಡುತ್ತೇವೆ, ಬಳುಕು ನೋಡುತ್ತೇವೆ, ಕೈಯ ಕನ್ನಡಿಯನ್ನು ನೋಡುತ್ತೇವೆ. ಅವರ ಪಾದದ ಬಳಿ ಪೀಠದಲ್ಲಿ ಕೆಲವೆಡೆ ಸಣ್ಣ ಅಕ್ಷರಗಳಿವೆ. ಅತ್ತ ಕಣ್ಣು ಹಾಯುವುದು ಅಪರೂಪ. ಅವು ಮದನಿಕೆಯ ಹೆಸರುಗಳಲ್ಲ, ಕಡೆದವರ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಸಂಪುಟವಾಗಿ ಹೊರತಂದರು, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಯ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಥವರ ಶ್ರಮದಿಂದ ಈ ಹೆಸರುಗಳು ನಮ್ಮ ಓದಿಗೆ ದಕ್ಕಿದವು.

ಈ ರುಜುಗಳನ್ನು ನಿಧಾನವಾಗಿ ನೋಡಬೇಕು. ಮೊದಲು ಹೆಸರು. ಆ ಹೆಸರೇ ಎರಡು ತುಣುಕುಗಳ ಕೂಡಿಕೆ: ದಾಸ ಎಂಬುದು ತಂದೆತಾಯಿ ಇಟ್ಟದ್ದು, ಓಜ ಎಂಬುದು ಕಸುಬು ಕೊಟ್ಟದ್ದು. ಉಪಾಧ್ಯಾಯ ಎಂಬ ಸಂಸ್ಕೃತ ಶಬ್ದ ಪ್ರಾಕೃತದ ನಾಲಗೆಯಲ್ಲಿ ಸವೆದು ಓಜನಾಯಿತೆಂದು ಬಲ್ಲವರು ಹೇಳುತ್ತಾರೆ. ಹೆಸರಿನ ಜೊತೆಗೆ ಊರು. ಬಳ್ಳಿಗಾವೆ, ಗದಗು ಇವೆಲ್ಲ ಚಾಲುಕ್ಯರ ನಾಡಿನ ಊರುಗಳು. ಅಂದರೆ ಇವರು ವಲಸೆ ಬಂದು ಹೊಯ್ಸಳರ ಕೆಲಸ ಹಿಡಿದವರು. ಪರಸ್ಥಳದಲ್ಲಿ ದುಡಿಯುವವನಿಗೆ ಸ್ವಂತ ಊರಿನ ಹೆಸರೆಂದರೆ ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಊರಿನ ಜೊತೆಗೆ ತಂದೆ: ಚಾವಣ ತಾನು ದಾಸೋಜನ ಮಗನೆಂದು ಹೇಳಿಕೊಳ್ಳುತ್ತಾನೆ. ಕೊನೆಗೆ ಬಿರುದು. ಬಿರುದು ಹೊತ್ತ ರೂವಾರಿಗಳೆಂಬ ಬೆಟ್ಟಕ್ಕೆ ತಾನು ಸಿಡಿಲು ಎಂಬಂಥ ಮಾತುಗಳಿವು. ಕತ್ತಿ ಹಿಡಿದ ವೀರರ ಬಿರುದಿನ ಗತ್ತನ್ನು ಉಳಿ ಹಿಡಿದವರು ತಮ್ಮದಾಗಿ ಮಾಡಿಕೊಂಡಿದ್ದಾರೆ.

ಕೂಲಿಯ ಲೆಕ್ಕಕ್ಕೆಂದು ಹೆಸರು ಕೊರೆದಿರಬಹುದಲ್ಲವೆ ಎಂದು ನೀವು ಕೇಳಬಹುದು. ಹೆಸರಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕೂಲಿಯ ಲೆಕ್ಕಕ್ಕೆ ಬಿರುದು ಬೇಕಿಲ್ಲ. ಸಿಡಿಲು ಬೆಟ್ಟಗಳ ಹೋಲಿಕೆ ಬೇಕಿಲ್ಲ. ಅಲ್ಲಿ ಒಬ್ಬ ಮನುಷ್ಯ ತನ್ನನ್ನು ಜೋಡಿಸಿ ನಿಲ್ಲಿಸಿದ್ದಾನೆ.

ಮುಖವನ್ನೇ ಕಡೆದಿಟ್ಟ ಶಿಲ್ಪಿಗಳೂ ಲೋಕದಲ್ಲಿ ಉಂಟು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಸೇಂಟ್ ಲೊರೆಂಜ್ ಇಗರ್ಜಿಯೊಳಗೆ 1490ರ ದಶಕದಲ್ಲಿ ಆಡಂ ಕ್ರಾಫ್ಟ್ ಎಂಬಾತ ಕಲ್ಲಿನ ಎತ್ತರದ ಮಂಟಪವೊಂದನ್ನು ಕಡೆದು, ಅದರ ಬುಡದಲ್ಲಿ ಮಂಡಿಯೂರಿ ಭಾರ ಹೊತ್ತ ತನ್ನ ಪ್ರತಿಮೆಯನ್ನೂ ಕೂರಿಸಿದ್ದಾನೆ. ದಾಸೋಜನಿಗೆ ಮುಖ ಕಡೆಯಲು ಬಾರದೆ ಇರಲಿಲ್ಲ. ಆದರೂ 'ನಾನು' ಎನ್ನಬೇಕಾದಾಗ ಅವನು ಆರಿಸಿಕೊಂಡದ್ದು ಅಕ್ಷರವನ್ನು; ಊರು, ಹೆಸರು, ಕಸುಬುಗಳನ್ನು.

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಹೊರಟವರು ಊರಿನ ಈಶ್ವರನ ಗುಡಿಯನ್ನು ನೋಡಿಯೇ ಮುಂದೆ ಹೋಗಬೇಕು. 1220ರ ಆ ಗುಡಿಯ ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರದಂತಿದೆ. ಒಂದೇ ಅಳತೆಯ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟರೆ ಆ ಆಕಾರ ಹುಟ್ಟುತ್ತದೆ. ಅಲ್ಲಿಂದ ಮುಂದೆ ದಾರಿಯಲ್ಲಿ ಜಾವಗಲ್ಲು. ಹದಿಮೂರನೆಯ ಶತಮಾನದ ಅಲ್ಲಿನ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಮತ್ತೊಂದು ಹೆಸರು ನಮಗೆ ಎದುರಾಗುತ್ತದೆ: ಮಲ್ಲಿತಮ್ಮ. 1196ರ ಅಮೃತಾಪುರದಿಂದ ಹಿಡಿದು ಸೋಮನಾಥಪುರದವರೆಗೆ, ಅರುವತ್ತು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ, ಈ ಹೆಸರು ಮತ್ತೆ ಮತ್ತೆ ಬರುತ್ತದೆ. ದೀರ್ಘಾಯುವಾದ ಒಬ್ಬನೋ, ಅಜ್ಜನ ಹೆಸರು ಹೊತ್ತ ಮೊಮ್ಮಗನೂ ಸೇರಿದ್ದಾನೋ! ಅವನ ರುಜುವಿನಲ್ಲಿ ಬೇಲೂರಿನ ಆರ್ಭಟವಿಲ್ಲ. ಒಮ್ಮೆ ಮಲ್ಲಿತಮ್ಮ, ಒಮ್ಮೆ ಮಲ್ಲಿ, ಕೆಲವು ಕಡೆ ಬರಿಯ 'ಮ'. ದಾಸೋಜ ತನ್ನನ್ನು ಕೂಡಿಸುತ್ತ ಹೋದ. ಮಲ್ಲಿತಮ್ಮ ಕಳೆಯುತ್ತ ಹೋದ. ಒಂದು ಅಕ್ಷರ ಸಾಕು, ಉಳಿದುದನ್ನು ವಿಗ್ರಹ ಹೇಳಲಿ ಎಂಬ ನೆಮ್ಮದಿ ಅದರಲ್ಲಿರುವಂತೆ ನನಗೆ ತೋರುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ ಇದ್ದಾರೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ದೋರಸಮುದ್ರದ ವೈಭವ ಮುರಿಯಿತು, ಅರಮನೆ ಮಣ್ಣಾಯಿತು. ಕೂಲಿಯವರ ಹೆಸರುಗಳು ಮಾತ್ರ ಉಳಿದವು.

ಉಳಿದರೂ ನಾವು ಅವನ್ನು ನೆನೆಯಲಿಲ್ಲ. ಈ ಗುಡಿಗಳನ್ನು ಕಟ್ಟಿದವರು ಯಾರೆಂದು ಕೇಳಿ. ಜಕಣಾಚಾರಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಕೈದಾಳದ ಶಿಲ್ಪಿ, ಅಗಲಿದ ಮಗ, ಕಲ್ಲಿನೊಳಗಿನ ಕಪ್ಪೆ ಇವೆಲ್ಲ ಸೊಗಸಾದ ಕಥೆ. 1964ರಲ್ಲಿ ಚಲನಚಿತ್ರವೂ ಆಯಿತು. ಕಥೆಯ ಮೇಲೆ ನನಗೆ ಮುನಿಸಿಲ್ಲ. ಕಲ್ಲಿನ ಮೇಲಿನ ರುಜುಗಳಲ್ಲಿ ಆ ಹೆಸರು ಸಿಕ್ಕಿಲ್ಲವೆಂಬುದು ಮಾತ್ರ ನಿಜ. ಜನಪದದ ಮನಸ್ಸು ನೂರಾರು ಕೈಗಳನ್ನು ಒಬ್ಬನೇ ಮಹಾಪುರುಷನಲ್ಲಿ ಕರಗಿಸಿಬಿಟ್ಟಿತು. ಹೆಸರು ಕೊರೆದು ಬೇಡಿಕೊಂಡವರು ಅನಾಮಿಕರಾದರು. ರೂವಾರಿ ಎಂಬ ಅವರ ಕುಲದ ಮಾತೂ ಇಂದು ಪತ್ರಿಕೆಗಳಲ್ಲಿ ಚುನಾವಣೆಯ ಗೆಲುವಿಗೋ ಒಳಸಂಚಿಗೋ ಕಾರಣನಾದವನಿಗೆ ಸಲ್ಲುತ್ತಿದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡುವವರು ಹೆಚ್ಚುತ್ತಾರೆ, ಮಕ್ಕಳ ಪ್ರವಾಸಗಳೂ ಹೆಚ್ಚುತ್ತವೆ. ಮೇಷ್ಟರುಗಳಲ್ಲಿ ನನ್ನದೊಂದು ಬಿನ್ನಹವಿದೆ. ಮದನಿಕೆಯ ಚೆಲುವನ್ನು ವರ್ಣಿಸಿದ ಮೇಲೆ ಮಕ್ಕಳ ನೋಟವನ್ನು ಅವಳ ಪೀಠದತ್ತ ತಿರುಗಿಸಿರಿ. ಅಕ್ಷರ ಹಳೆಯದು, ಆದರೆ ಕನ್ನಡದ್ದೇ. ಒಂದೊಂದಾಗಿ ಕೂಡಿಸಿದರೆ ದಾಸೋಜನನ್ನು ಅವರೇ ಓದಿಯಾರು.