ಖರಾಬು ನೆಲದ ಕಾವಲುಗಾರರು

ಹೊಸಪೇಟೆ, ಸಂಡೂರು, ಕಂಪ್ಲಿ, ಈ ಯಾವ ಊರಿನ ಕಡೆಯ ಪಹಣಿಯನ್ನಾದರೂ ತೆಗೆದು ನೋಡಿ. ಜಮೀನಿನ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಎಂಬ ಬಾಬು ಕಾಣುತ್ತದೆ. ಬಂಡೆ, ಹಳ್ಳ, ದಿಬ್ಬ, ಗಾಡಿದಾರಿ, ಕಾಲುವೆಯ ದಂಡೆ ಮುಂತಾಗಿ ಉಳುಮೆಗೆ ಒದಗದ ನೆಲವನ್ನೆಲ್ಲ ಈ ಬಾಬಿಗೆ ಹಾಕಿ, ಒಟ್ಟು ವಿಸ್ತೀರ್ಣದಿಂದ ಕಳೆದು, ಉಳಿದುದಕ್ಕೆ ಮಾತ್ರ ಕಂದಾಯ ಕಟ್ಟುವುದು ಪದ್ಧತಿ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿತ್ತು. ಆಗ ಇಂಥ ಸರ್ಕಾರಿ ನೆಲಕ್ಕೆ ‘ಪೊರಂಬೋಕು’ ಎನ್ನುತ್ತಿದ್ದರು. ತಮಿಳಿನಲ್ಲಿ ಆ ಪದ ಕೆಲಸಕ್ಕೆ ಬಾರದ ಮನುಷ್ಯನನ್ನು ಬಯ್ಯುವ ಮಾತಾಗಿ ಉಳಿದಿದೆ. ಖರಾಬು ಎಂದರೂ ಕೆಟ್ಟದ್ದು ಎಂದೇ ಅರ್ಥ.

ನಿಜಾಮನಿಂದ 1800ರಲ್ಲಿ ಈ ಸೀಮೆ ಇಂಗ್ಲಿಷರ ಕೈಗೆ ಬಂದಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಇಲ್ಲಿದ್ದು ಹೊಲ ಹೊಲವನ್ನೂ ಅಳೆಸಿ ರೈತವಾರಿ ಪದ್ಧತಿಗೆ ಭದ್ರ ಬುನಾದಿ ಹಾಕಿದ. ಅಳತೆಯ ಸರಪಳಿಗೆ ಬೇಕಾದದ್ದು ಬೆಳೆ ಕೊಡುವ ನೆಲ. ಬೆಳೆಯನ್ನು ಕಾಯುವ ನೆಲವೂ ಒಂದುಂಟು ಎಂಬ ಲೆಕ್ಕ ಆಗಿನ ದಫ್ತರಗಳಲ್ಲಿ ಇರಲಿಲ್ಲ, ಈಗಿನ ದಫ್ತರಗಳಲ್ಲೂ ಇಲ್ಲ. ಕೀಟಶಾಸ್ತ್ರಜ್ಞರ ಮಾತು ಕೇಳಿದರೆ ಈ ಖರಾಬಿನಲ್ಲೇ ರೈತನ ಪುಕ್ಕಟೆ ಆಳುಗಳು ವಾಸವಾಗಿದ್ದಾರೆ.

ಬಂಡೆಯ ನಡುವೆ ಬಾಳೆ

ಹಂಪಿಯ ಮಾತಂಗ ಬೆಟ್ಟ ಹತ್ತಿದವರಿಗೆ ಈ ಸೀಮೆಯ ರಚನೆ ಕಣ್ಣಿಗೆ ಕಟ್ಟುತ್ತದೆ. ಬಂಡೆಗಳ ರಾಶಿ, ಅದರ ಬುಡದಲ್ಲಿ ಹಸಿರಿನ ಪಟ್ಟಿ, ಮತ್ತೆ ಬಂಡೆ. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಣೆಕಟ್ಟು ಹಾಕಿ ತುರ್ತಾ, ಬಸವಣ್ಣ, ರಾಯ, ಬೆಲ್ಲ ಮುಂತಾದ ಕಾಲುವೆಗಳನ್ನು ಹರಿಸಿದರು. ಬಸವಣ್ಣ ಕಾಲುವೆ ಕೃಷ್ಣದೇವರಾಯನ ಕಾಲದ್ದು, 1521ರ ಸುಮಾರಿನದು. ಅದೇ ಹೊತ್ತಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪಟ್ಟಣದ ಕೋಟೆಗಳ ನಡುವೆಯೇ ಗದ್ದೆ ತೋಟಗಳಿದ್ದುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ.

ಈ ಕಾಲುವೆಗಳು ನೇರವಾಗಿ ಹೋಗುವುದಿಲ್ಲ. ಗುಡ್ಡದ ಬುಡ ಹಿಡಿದು, ಬಂಡೆ ಬಳಸಿ, ಇಳಿಜಾರು ಕಂಡಲ್ಲಿ ತಿರುಗುತ್ತ ಸಾಗುತ್ತವೆ. ಹೀಗಾಗಿ ಬಾಳೆ, ಕಬ್ಬು, ಭತ್ತದ ತಾಕುಗಳೆಲ್ಲ ಕಿರಿದಾದವು. ಯಾವ ಗದ್ದೆಯ ನಡುವೆ ನಿಂತರೂ ನಾಲ್ಕು ಹೆಜ್ಜೆಗೆ ಒಂದು ಬದು, ಕಲ್ಲುಗೋಡೆ ಅಥವಾ ಕುರುಚಲು ಗುಡ್ಡ. ಅರಸರಿಗೆ ಬೇಕಿದ್ದುದು ನೀರು. ಕೀಟಗಳ ಯೋಗಕ್ಷೇಮ ಅವರ ತಲೆಯಲ್ಲಿದ್ದಿರಲಾರದು. ಆದರೆ ಗದ್ದೆಯೂ ಕಾಡೂ ಒಂದಕ್ಕೊಂದು ಹೆಣೆದುಕೊಂಡ ಈ ವಿನ್ಯಾಸ ಉಪಕಾರಿ ಕೀಟಗಳಿಗೆ ಹೇಳಿ ಮಾಡಿಸಿದಂತಿದೆ.

ಅದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳೆ ತಿನ್ನುವ ಹುಳುವಿಗೆ ಎರಡು ಬಗೆಯ ಶತ್ರುಗಳು. ಹಿಡಿದು ತಿನ್ನುವ ಪರಭಕ್ಷಕಗಳು ಒಂದು ಬಗೆ: ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ, ಜೇಡ. (ಜೇಡ ಕೀಟವಲ್ಲ, ಎಂಟು ಕಾಲಿನದು. ರೈತನ ಪಾಲಿಗೆ ಆ ವ್ಯತ್ಯಾಸ ಮುಖ್ಯವಲ್ಲ.) ಇನ್ನೊಂದು ಬಗೆ ಪರತಂತ್ರ ಜೀವಿಗಳು. ಇವು ಹೆಚ್ಚಾಗಿ ಎಳ್ಳುಕಾಳಿಗಿಂತ ಚಿಕ್ಕ ಕಣಜಗಳು. ಪೀಡೆಹುಳುವಿನ ಮೊಟ್ಟೆಯಲ್ಲೋ ಮೈಯಲ್ಲೋ ತಮ್ಮ ಮೊಟ್ಟೆ ಇಡುತ್ತವೆ. ಹುಟ್ಟುವ ಮರಿ ಆ ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ.

ಮರಿಗೆ ಮಾಂಸಾಹಾರ ಸರಿ, ತಾಯಿ ಕಣಜಕ್ಕೆ ಮಾತ್ರ ಬೇಕಾದದ್ದು ಹೂವಿನ ರಸ. ಸಿಹಿ ಸಿಗದಿದ್ದರೆ ಅದರ ಆಯುಷ್ಯ ಕೆಲವೇ ದಿನ. ಸಿಕ್ಕರೆ ಅದು ಹಲವು ಪಟ್ಟು ಬೆಳೆಯುತ್ತದೆ, ಇಡುವ ಮೊಟ್ಟೆಯೂ ಹೆಚ್ಚುತ್ತದೆ. ಭತ್ತದಲ್ಲಾಗಲಿ ಕಬ್ಬಿನಲ್ಲಾಗಲಿ ಅದಕ್ಕೆ ಬೇಕಾದ ಮಧು ಇಲ್ಲ. ಆ ಮಧು ಇರುವುದು ಬದುವಿನ ತುಂಬೆಯಲ್ಲಿ, ತಂಗಡಿಯಲ್ಲಿ, ಹಳ್ಳದ ದಂಡೆಯ ಹೊಂಗೆಯಲ್ಲಿ, ಬೇಲಿಯ ಬಾರಿ ಗಿಡದಲ್ಲಿ. ಕೊಯ್ಲಾದ ಮೇಲೆ ಗದ್ದೆ ಬರಿದಾದಾಗ ಜೇಡ, ಗುಲಗಂಜಿ ಹುಳುಗಳು ಬೇಸಿಗೆ ಕಳೆಯುವುದೂ ಬದುವಿನ ಹುಲ್ಲಿನಲ್ಲಿ, ಕಲ್ಲಿನ ಸಂದಿಯಲ್ಲಿ. ಮುಂದಿನ ನಾಟಿಗೆ ಅವು ಅಲ್ಲಿಂದಲೇ ಇಳಿದು ಬರಬೇಕು. ಸಣ್ಣ ಕಣಜ ಬಹು ದೂರ ಹಾರಲಾರದು, ಹೆಚ್ಚೆಂದರೆ ಕೆಲವು ನೂರು ಮೀಟರು. ಆದ್ದರಿಂದ ಅಂಚು ಹತ್ತಿರವಿರುವ ಸಣ್ಣ ತಾಕಿಗೆ ಸಿಗುವ ಕಾವಲು, ಎಕರೆಗಟ್ಟಲೆ ಒಂದೇ ಹಾಸಾಗಿರುವ ಗದ್ದೆಯ ನಡುಭಾಗಕ್ಕೆ ಸಿಗುವುದಿಲ್ಲ.

ಎಣ್ಣೆ ಬಂದ ಮೇಲೆ

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಯಿತು. ಹಳೆಯ ವಲ್ಲಭಾಪುರದ ಅಣೆ ಜಲಾಶಯದಲ್ಲಿ ಮುಳುಗಿತು. ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಕೊಡುವ ಏರ್ಪಾಡಾಯಿತು. ಜೋಳ, ಹತ್ತಿ, ಸಜ್ಜೆ ಬೆಳೆಯುತ್ತಿದ್ದ ಬಯಲು ಭತ್ತದ ಗದ್ದೆಯಾಯಿತು. ಕಂಪ್ಲಿಯಿಂದ ಸಿರುಗುಪ್ಪದ ಕಡೆಗೆ ಹೊರಟರೆ ಇಂದು ಕಣ್ಣು ಹಾಯುವಷ್ಟು ದೂರ ಒಂದೇ ಬೆಳೆ.

ಅದೇ ದಶಕದಲ್ಲಿ ಗ್ಯಾಮಕ್ಸಿನ್, ಡಿಡಿಟಿ ಪುಡಿಗಳೂ ಹಳ್ಳಿಗೆ ಬಂದವು. ಹುಳು ಕಂಡ ಮರುದಿನವೇ ಸಾಯುವುದನ್ನು ನೋಡಿದ ರೈತ ಅದಕ್ಕೆ ಒಲಿದದ್ದು ಸಹಜ. ಈ ಕಡೆ ಕೀಟನಾಶಕಕ್ಕೆ ‘ಎಣ್ಣೆ’ ಎನ್ನುತ್ತಾರೆ. ಎಣ್ಣೆ ಹೊಡೆಯದ ಬೆಳೆ ಬೆಳೆಯೇ ಅಲ್ಲ ಎಂಬಷ್ಟು ರೂಢಿ ಬೆಳೆಯಿತು. ಕೃಷಿಗೆ ಡಿಡಿಟಿ ಬಳಕೆ 1989ರಲ್ಲಿ, ಬಿಎಚ್‌ಸಿ 1997ರಲ್ಲಿ ನಿಷೇಧವಾದವು. ಅವು ಹೋದರೂ ಅಂಗಡಿಯ ಕಪಾಟು ಖಾಲಿಯಾಗಲಿಲ್ಲ.

ಭತ್ತದ ಕಂದು ಜಿಗಿ ಹುಳು ಈ ಕಥೆಯ ಖಳನಾಯಕ. ಇದು ಮೊಟ್ಟೆ ಇಡುವುದು ಎಲೆಯ ಹೊದಿಕೆಯ ಒಳಗೆ. ಎಣ್ಣೆ ಹೊಡೆದರೆ ಹೊರಗಿರುವ ಜೇಡವೂ, ಜಿಗಿ ಹುಳುವಿನ ಮೊಟ್ಟೆ ಹೀರುವ ಸಣ್ಣ ತಿಗಣೆಯೂ ಸಾಯುತ್ತವೆ. ಒಳಗಿನ ಮೊಟ್ಟೆಗಳು ಉಳಿದು, ಒಡೆದು, ಶತ್ರುವಿಲ್ಲದ ಗದ್ದೆಗೆ ಒಡೆಯರಾಗುತ್ತವೆ. ಇಂಡೊನೇಷ್ಯಾ ಈ ಪಾಠವನ್ನು ಭಾರಿ ಬೆಲೆ ತೆತ್ತು ಕಲಿಯಿತು. ಅಧ್ಯಕ್ಷ ಸುಹಾರ್ತೊ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು, ಮುಂದಿನ ವರ್ಷಗಳಲ್ಲಿ ಸಹಾಯಧನವನ್ನೂ ಕಿತ್ತುಹಾಕಲಾಯಿತು. ಜಾವಾ ದ್ವೀಪದ ಗದ್ದೆಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಸ್ವಾರಸ್ಯವನ್ನು ತೋರಿಸಿತು. ಪೀಡೆಹುಳು ಬರುವ ಮುನ್ನವೇ ಗದ್ದೆಯ ಕೊಳೆಯಲ್ಲಿ ಹುಟ್ಟುವ, ಬೆಳೆಗೆ ಏನೂ ಮಾಡದ ಸಣ್ಣ ನೊಣಗಳನ್ನು ತಿಂದು ಜೇಡಗಳು ಸಂಖ್ಯೆ ಹೆಚ್ಚಿಸಿಕೊಂಡಿರುತ್ತವೆ. ನಾಟಿಯಾದ ಕೂಡಲೇ ‘ಮುಂಜಾಗ್ರತೆ’ಗೆಂದು ಎಣ್ಣೆ ಹೊಡೆದವನು ಈ ಊಟದ ಮನೆಯನ್ನೇ ಮುಚ್ಚಿದಂತೆ.

ಕಬ್ಬಿನ ಉಣ್ಣೆ ಹೇನಿನ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಮಹಾರಾಷ್ಟ್ರದ ಸಾಂಗ್ಲಿ ಕಡೆ 2002ರಲ್ಲಿ ಕಾಣಿಸಿಕೊಂಡ ಈ ಬಿಳಿ ಹೇನು ಅದೇ ವರ್ಷ ಕರ್ನಾಟಕಕ್ಕೆ ದಾಟಿತು. ಎಲೆಯ ಅಡಿಗೆ ಹತ್ತಿ ಅಂಟಿಸಿದಂತೆ ಕೂತು ರಸ ಹೀರುವ ಹುಳು. ಎತ್ತರದ ಕಬ್ಬಿನೊಳಗೆ ನುಗ್ಗಿ ಎಣ್ಣೆ ಹೊಡೆಯುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸ. ಆಗ ನೆರವಿಗೆ ಬಂದದ್ದು ಡಿಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟ. ಇವನ್ನು ಯಾರೂ ಹೊರದೇಶದಿಂದ ತರಲಿಲ್ಲ, ಹೇನು ಹೆಚ್ಚಿದಲ್ಲಿಗೆ ತಾವಾಗಿಯೇ ಬಂದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಫಾವನ್ನು ನೆರಳುಬಲೆಯ ಕೆಳಗೆ ಸಾಕಿ ಹಂಚಿತು. ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜವನ್ನು ಅಸ್ಸಾಮಿನಿಂದ ತಂದು ಬಿಡಲಾಯಿತು. ಒಂದೆರಡು ವರ್ಷಗಳಲ್ಲಿ ಹಾವಳಿ ಇಳಿಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಬ್ಬಿನ ಕೊರಕ ಹುಳುವಿನ ಮೇಲೆ ಟ್ರೈಕೋಗ್ರಾಮ ಕಣಜ ಬಿಡುವ ಪ್ರಯೋಗವನ್ನು 1930ರ ದಶಕದಲ್ಲೇ ಮಾಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ವಿದ್ಯೆ ನಮಗೆ ಹೊಸದಲ್ಲ.

ಬದುವೆಲ್ಲ ಒಳ್ಳೆಯದೇ?

ಹಾಗೆಂದು ಬದುವಿನಲ್ಲಿ ಬೆಳೆದದ್ದೆಲ್ಲ ಅಮೃತ ಎಂದು ಹೇಳಿದರೆ ರೈತ ನಗುತ್ತಾನೆ. ‘ಬದು ಸ್ವಚ್ಛವಾಗಿಡಿ’ ಎಂಬ ಸಲಹೆಗೂ ಕಾರಣವಿದೆ. ಸೂರ್ಯಕಾಂತಿಯನ್ನೇ ನೋಡಿ. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡ ನೆಕ್ರೋಸಿಸ್ ರೋಗ ಆಮೇಲೆ ಎಲ್ಲೆಡೆ ಹಬ್ಬಿತು. ಅದರ ವೈರಾಣು ಅಡಗಿರುವುದು ಬದುವಿನ ಕಾಂಗ್ರೆಸ್ ಗಿಡದಲ್ಲಿ. ಥ್ರಿಪ್ಸ್ ನುಸಿ ಆ ಗಿಡದ ಪರಾಗದೊಂದಿಗೆ ರೋಗವನ್ನೂ ಹೊತ್ತು ತರುತ್ತದೆ.

ಕಾಂಗ್ರೆಸ್ ಗಿಡ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅದನ್ನು ತಿನ್ನಲೆಂದೇ 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಝೈಗೋಗ್ರಾಮ ಎಂಬ ದುಂಬಿಯನ್ನು ತರಿಸಿ ಮರುವರ್ಷ ಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಈ ದುಂಬಿ ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿದೆ ಎಂದು ದೊಡ್ಡ ಗುಲ್ಲಾಯಿತು. ತಜ್ಞರ ಸಮಿತಿ ಕೂತಿತು. ಎಲೆಯ ಮೇಲೆ ಕಾಂಗ್ರೆಸ್ ಗಿಡದ ಪರಾಗ ಬಿದ್ದಾಗ ಮಾತ್ರ ದುಂಬಿ ಮೋಸಹೋಗಿ ಬಾಯಿ ಹಾಕುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಅಲ್ಲಿಗೆ ತಪ್ಪು ಮತ್ತೆ ಕಾಂಗ್ರೆಸ್ ಗಿಡದ್ದೇ ಆಯಿತು. ತುಂಬೆ, ತಂಗಡಿ, ಬಾರಿ ಇದ್ದ ಜಾಗದಲ್ಲಿ ಕಾಂಗ್ರೆಸ್ ಗಿಡ ನಿಂತರೆ ಅದನ್ನು ಪ್ರಕೃತಿ ಎಂದು ಕೈಮುಗಿಯಬೇಕಾಗಿಲ್ಲ. ಅಂಚು ಇದ್ದರೆ ಸಾಲದು, ಅಲ್ಲಿ ಬೆಳೆದದ್ದು ಏನು ಎಂಬುದನ್ನೂ ನೋಡಬೇಕು.

ಹೊಸ ಪೀಡೆಯ ಮುಂದೆ ಬದುವೂ ಸೋಲುವುದುಂಟು. 2015ರಲ್ಲಿ ಪಪ್ಪಾಯಿ ಗಿಡದ ಮೇಲೆ ದೇಶದಲ್ಲಿ ಮೊದಲು ದಾಖಲಾದ ಕಪ್ಪು ಥ್ರಿಪ್ಸ್ 2021ರಲ್ಲಿ ಬಳ್ಳಾರಿ ಸೀಮೆಯ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿತು. ಇಂಥದ್ದಕ್ಕೆ ಬೇಲಿಯ ಹೂವೊಂದೇ ಮದ್ದು ಎನ್ನುವುದು ಪ್ರಾಮಾಣಿಕ ಮಾತಾಗದು.

ಕೆಂಧೂಳು, ಕರಡಿ, ಸಿಮೆಂಟು

ಸಂಡೂರಿನ ಬೆಟ್ಟಗಳ ಕಾಡು ಈ ಸೀಮೆಯ ಅತಿ ದೊಡ್ಡ ಅಂಚು. ಕುಮಾರಸ್ವಾಮಿ ಬೆಟ್ಟದ ಸಾಲಿನಿಂದ ಇಳಿಯುವ ಹಳ್ಳಗಳ ದಂಡೆ ಹಿಡಿದು ಹಸಿರು ಹೊಲಗಳವರೆಗೆ ಬರುತ್ತದೆ. ಅದಿರಿನ ಭರಾಟೆಯ ವರ್ಷಗಳಲ್ಲಿ ಲಾರಿದಾರಿಯ ಇಕ್ಕೆಲದ ಗಿಡ ಮರ ಬೆಳೆಗಳಿಗೆಲ್ಲ ಕೆಂಪು ಬಣ್ಣ ಬಳಿದಂತಿತ್ತು. ಧೂಳು ಪೀಡೆಹುಳುವಿಗಿಂತ ಅದರ ಶತ್ರುವನ್ನು ಹೆಚ್ಚು ಬಾಧಿಸುತ್ತದೆ ಎಂಬುದು ಕೀಟಶಾಸ್ತ್ರದ ಹಳೆಯ ಅನುಭವ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಮಣ್ಣುರಸ್ತೆಯ ಬದಿಯ ಗಿಡಗಳಿಗೇ ಶಲ್ಕ ಕೀಟದ ಕಾಟ ಹೆಚ್ಚು ಎಂಬುದು ಬಹಳ ಹಿಂದೆಯೇ ಕಂಡುಬಂದಿತ್ತು. ಎಲೆಯ ಮೇಲೆ ಓಡಾಡಿ ಬೇಟೆ ಹುಡುಕಬೇಕಾದ ಪುಟ್ಟ ಕಣಜಕ್ಕೆ ಧೂಳು ಮರಳುಗಾಡಿದ್ದಂತೆ. ಕೂತಲ್ಲೇ ರಸ ಹೀರುವ ಹುಳುವಿಗೆ ಆ ತೊಂದರೆಯಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮಿತಿ ಹಾಕಿ ಮತ್ತೆ ಅನುಮತಿ ಸಿಕ್ಕಿತು. ಗಣಿಯ ನಷ್ಟವನ್ನು ಮರಗಳ ಲೆಕ್ಕದಲ್ಲಿ ಎಣಿಸಿದವರುಂಟು, ಕಣಜಗಳ ಲೆಕ್ಕದಲ್ಲಿ ಎಣಿಸಿದವರನ್ನು ಕಾಣೆ.

ಕಾಡು ಉಳಿದ ಕಥೆಯೂ ಇಲ್ಲಿದೆ. ದರೋಜಿಯ ಬಳಿಯ ಬಿಳಿಕಲ್ಲು ಅರಣ್ಯವನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಕರಡಿಯ ಮುಖ್ಯ ಊಟವೇ ಗೆದ್ದಲು, ಇರುವೆ, ಜೇನು, ಜೊತೆಗೆ ಕಾಡುಹಣ್ಣು. ಕರಡಿಗೆಂದು ಕಾದ ಕುರುಚಲು ಕಾಡು ಹೆಜ್ಜೇನನ್ನೂ ಕಾದಿದೆ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಕಟ್ಟಬೇಕಾದರೆ ಜೇನು ಬರಬೇಕು. ಬಂಡೆಯ ಚಾಚಿನಡಿ ಗೂಡು ಕಟ್ಟುವ ಹೆಜ್ಜೇನು ಕಿಲೋಮೀಟರುಗಟ್ಟಲೆ ಹಾರಿ ಹೊಲಕ್ಕೆ ಬರಬಲ್ಲದು. ಆದರೆ ಮೊದಲೇ ಹೇಳಿದಂತೆ ಸಣ್ಣ ಕಣಜಕ್ಕೆ ಆ ಶಕ್ತಿಯಿಲ್ಲ. ದರೋಜಿಯಲ್ಲಿ ಅಭಯಾರಣ್ಯವಿದೆ ಎಂದು ಕಂಪ್ಲಿಯ ಬದುವನ್ನು ಉತ್ತುಬಿಟ್ಟರೆ ಭತ್ತಕ್ಕೆ ಕಾವಲು ಸಿಗುವುದಿಲ್ಲ. ದೊಡ್ಡ ಕಾಡು ಒಂದು ಕೆಲಸ ಮಾಡುತ್ತದೆ, ಮೂರಡಿ ಬದು ಇನ್ನೊಂದನ್ನು.

ಆ ಮೂರಡಿಯೇ ಈಗ ಕರಗುತ್ತಿದೆ. ಟ್ರ್ಯಾಕ್ಟರು ತಿರುಗಲು ಜಾಗ ಬೇಕೆಂದು ಬದು ಸಣ್ಣದಾಗುತ್ತಿದೆ, ಉಳಿದದ್ದಕ್ಕೆ ಕಳೆನಾಶಕ ಬೀಳುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ ಬದುವಿನ ಮೇಲೆ ಎಳ್ಳು, ಅಲಸಂದೆ, ಚೆಂಡುಹೂವು ಬೆಳೆಯುವಂತೆ ರೈತರಿಗೆ ಹೇಳುತ್ತಿದೆ. ಚೀನಾ, ಥಾಯ್ಲೆಂಡ್, ವಿಯೆಟ್ನಾಮ್‌ಗಳ ಗದ್ದೆಗಳಲ್ಲಿ ಇದನ್ನೇ ಮಾಡಿ ಕೀಟನಾಶಕ ತಗ್ಗಿಸಿಯೂ ಇಳುವರಿ ಹೆಚ್ಚಿಸಿಕೊಂಡುದು 2016ರಲ್ಲಿ ಪ್ರಕಟವಾಗಿದೆ. ಎಳ್ಳು ನಮಗೆ ಹೊಸ ಬೆಳೆಯೇನಲ್ಲ.

ವಿಜಯನಗರದ ಕಾಲುವೆಗಳನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ಆಧುನೀಕರಿಸಿ ಸಿಮೆಂಟ್ ಹೊದಿಸಲಾಗಿದೆ. ಸೋರಿಕೆ ನಿಂತು ಕೊನೆಯ ರೈತನಿಗೂ ನೀರು ಮುಟ್ಟಬೇಕೆಂಬ ಉದ್ದೇಶ ನ್ಯಾಯವಾದದ್ದೇ. ಕಾಲುವೆಯ ತುದಿಯಲ್ಲಿ ನೀರಿಗೆ ಕಾದು ಕೂತವನ ಮುಂದೆ ಕಣಜದ ಮಾತಾಡುವುದು ಸುಲಭವಲ್ಲ. ಆದರೆ ಐನೂರು ವರ್ಷ ಮಣ್ಣು ಕಲ್ಲಿನ ದಂಡೆಯಲ್ಲಿ ಬೆಳೆದಿದ್ದ ಹೊಂಗೆ, ತುಂಬೆ, ಹುಲ್ಲುಗಳಿಗೆ ಸಿಮೆಂಟಿನಲ್ಲಿ ಬೇರು ಬಿಡಲು ಜಾಗವಿಲ್ಲ. ಸಿಮೆಂಟಿನ ಅಂಚಿಗೂ ರೈತನ ಗದ್ದೆಗೂ ನಡುವೆ ಒಂದು ಮಣ್ಣಿನ ಪಟ್ಟಿ ಉಳಿದಿರುತ್ತದೆ. ಅದು ರೈತನದಲ್ಲ, ನೀರಾವರಿ ಇಲಾಖೆಯದು. ಅಲ್ಲಿ ಏನು ಬೆಳೆಯಬೇಕೆಂದು ಇಲಾಖೆ ಕೃಷಿ ವಿಜ್ಞಾನಿಗಳನ್ನಾಗಲಿ, ಪಕ್ಕದ ಗದ್ದೆಯವನನ್ನಾಗಲಿ ಕೇಳಬೇಕೆಂಬ ನಿಯಮವಿದ್ದರೆ ಚೆನ್ನಾಗಿತ್ತು.