ಎಷ್ಟು ಹತ್ತಿರ ಬಂದರೆ ಹತ್ತಿರ?

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ನಾನು ಗಜೇಂದ್ರಗಡದ ಹತ್ತಿರದ ಪುರ್ತಗೇರಿಯವನು. ನಮ್ಮ ಕಡೆ ಶೇಂಗಾ ಅಂದರೆ ಚಟ್ನಿಪುಡಿ, ಶೇಂಗಾ ಅಂದರೆ ಹೋಳಿಗೆ. ಇದೇ ಶೇಂಗಾ ಕಾಳಿನೊಳಗಿನ ಒಂದು ಪ್ರೊಟೀನಿನ ಆಕಾರವನ್ನು 1994ರಲ್ಲಿ ಬೆಂಗಳೂರಿನಲ್ಲಿ ಬಿಡಿಸಿದರು. ಅದು ಪುಸ್ತಕದ ನಿಯಮಕ್ಕೆ ಒಗ್ಗದ ಆಕಾರ ಅಂತ ಗೊತ್ತಾಯಿತು. ಆ ಕಥೆ ಹೇಳಬೇಕು ಅಂದರೆ ಅದಕ್ಕಿಂತ ನಲವತ್ತು ವರ್ಷ ಹಿಂದಕ್ಕೆ, ಮದ್ರಾಸಿನಲ್ಲಿ ಹುಟ್ಟಿದ ಒಂದು ತಕರಾರಿನಿಂದಲೇ ಶುರುಮಾಡಬೇಕು.

ಮೊದಲು ಸ್ವಲ್ಪ ಪಾಠ (ಸಣ್ಣದು, ಹೆದರಬೇಡಿ :) ). ಪ್ರೊಟೀನು ಅಂದರೆ ಅಮೈನೊ ಆಮ್ಲಗಳ ಸರ. ಇಪ್ಪತ್ತು ಬಗೆಯ ಮಣಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದ ಹಾಗೆ. ಒಂದು ಮಣಿ ಇನ್ನೊಂದಕ್ಕೆ ಸೇರುವಾಗ ಒಂದು ನೀರಿನ ಅಣು ಕಳಚಿಹೋಗುತ್ತದೆ. ಹಾಗೆ ಕಳಕೊಂಡು ಉಳಿದದ್ದಕ್ಕೆ ವಿಜ್ಞಾನಿಗಳು "ಉಳಿಕೆ" ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಈ ಸರ ಉದ್ದಕ್ಕೆ ಬಿದ್ದಿದ್ದರೆ ಯಾವ ಕೆಲಸಕ್ಕೂ ಬಾರದು. ಅದು ಮಡಚಿಕೊಳ್ಳಬೇಕು. ಸರವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. 10ನೇ ಮಣಿ 90ನೇ ಮಣಿಯ ಮಗ್ಗುಲಿಗೆ ಬಂದು ಕೂತಿರುತ್ತದೆ. ಸರದಲ್ಲಿ ದೂರ, ಮುಷ್ಟಿಯಲ್ಲಿ ಹತ್ತಿರ. ಪ್ರೊಟೀನಿನ ಬಾಳುವೆಯೆಲ್ಲ ಇಂಥ ಅಕ್ಕಪಕ್ಕದಲ್ಲೇ ಇದೆ. ಹಾಗಾದರೆ ಎಷ್ಟು ಹತ್ತಿರ ಬಂದರೆ ಹತ್ತಿರ? ಎಷ್ಟು ಬಂದರೆ ಅತಿಯಾಯಿತು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಜಿ.ಎನ್. ರಾಮಚಂದ್ರನ್. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ನಮ್ಮ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್') ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು ಸಿ.ವಿ. ರಾಮನ್ನರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಹಾರಿದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿ ತುಂಬಿರುವ ಪ್ರೊಟೀನು. ಕ್ಷಕಿರಣ ಚಿತ್ರಕ್ಕೆ ಅವರು ಬಳಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜು ಅಂದರೆ ನಂಬುತ್ತೀರಾ!

1954ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದು: ಕೊಲಾಜೆನ್ನಿನಲ್ಲಿ ಮೂರು ಎಳೆಗಳಿವೆ. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಹಗ್ಗದ ಹಾಗೆ ಒಂದಕ್ಕೊಂದು ಹೊಸೆದುಕೊಂಡಿವೆ ಅಂದರು. ಪ್ರತಿ ಮೂರನೇ ಮಣಿ ಗ್ಲೈಸೀನೇ ಆಗಿರಬೇಕು. ಯಾಕೆಂದರೆ ಮೂರು ಎಳೆ ಸೇರುವ ನಡುವಿನಲ್ಲಿ ಜಾಗವೇ ಇಲ್ಲ. ಗ್ಲೈಸೀನಿನ ಪಕ್ಕದ ಕೊಂಬೆ ಅಂದರೆ ಬರೀ ಒಂದು ಹೈಡ್ರೋಜನ್. ಅದಷ್ಟೇ ಅಲ್ಲಿ ಹಿಡಿಸುತ್ತದೆ. ಇದು ಬರೀ ಜ್ಯಾಮಿತಿಯ ಮಾತಲ್ಲ. ಆ ಜಾಗದಲ್ಲಿ ಗ್ಲೈಸೀನ್ ಹೋಗಿ ಬೇರೊಂದು ಬಂದರೆ ಹಗ್ಗ ಸರಿಯಾಗಿ ಹೊಸೆಯುವುದಿಲ್ಲ. ಸಣ್ಣ ಪೆಟ್ಟಿಗೂ ಎಲುಬು ಮುರಿಯುವ ಕಾಯಿಲೆಯಿರುವ ಎಷ್ಟೋ ಮಕ್ಕಳಲ್ಲಿ ಆಗಿರುವುದು ಇದೇ.

1955ರಲ್ಲೇ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು. ಕ್ರಿಕ್ ಅಂದರೆ ಡಿಎನ್‌ಎ ಖ್ಯಾತಿಯ ಕ್ರಿಕ್ಕೇ. ಮೂರೆಳೆಯ ಹಗ್ಗ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ, ಮೂರು ಮಣಿಗೆ ಎರಡು ಹೈಡ್ರೋಜನ್ ಬಂಧ ಸಾಧ್ಯವಿಲ್ಲ, ಒಂದೇ ಅನ್ನುವುದು ಅವರ ವಾದ.

ಇಲ್ಲಿಯೇ ನನಗೆ ಈ ಕಥೆ ಇಷ್ಟವಾಗುವುದು. ರಾಮಚಂದ್ರನ್ ಸಿಟ್ಟಿನಿಂದ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಅವರು ಕೇಳಿಕೊಂಡದ್ದು ಬೇರೆ: "ಇರಬಾರದಷ್ಟು ಹತ್ತಿರ" ಅನ್ನುವುದನ್ನು ನಿರ್ಧರಿಸುವವರು ಯಾರು? ಆವರೆಗೆ ಪ್ರಕಟವಾಗಿದ್ದ ಅಮೈನೊ ಆಮ್ಲ, ಪೆಪ್ಟೈಡ್ ಹರಳುಗಳನ್ನೆಲ್ಲ ತೆಗೆದು, ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರುತ್ತವೆ ಅಂತ ಪಟ್ಟಿ ಮಾಡಿಸಿದರು. ಕಾರ್ಬನ್‌ಗೆ ಕಾರ್ಬನ್ 3.2 ಆಂಗ್‌ಸ್ಟ್ರಮ್, ತೀರಾ ಅಂದರೆ 3.0. ಹೈಡ್ರೋಜನ್‌ಗೆ ಹೈಡ್ರೋಜನ್ 2.0, ತೀರಾ ಅಂದರೆ 1.9. (ಒಂದು ಆಂಗ್‌ಸ್ಟ್ರಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.)

ಈ ಪಟ್ಟಿ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆ ತಾನಾಗಿ ಬಂತು. ಸರದ ಪ್ರತಿ ಮಣಿಯ ಹತ್ತಿರ ತಿರುಗಬಲ್ಲ ಎರಡು ಕೀಲುಗಳಿವೆ, ಫೈ ಮತ್ತು ಸೈ. ಎರಡನ್ನೂ ಒಂದೊಂದು ಕೋನಕ್ಕೆ ತಿರುಗಿಸುತ್ತಾ ಹೋಗಿ, ಯಾವ ಕೋನದಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಅಂತ ಲೆಕ್ಕ ಹಾಕಿ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ, ಮೇಜಿನ ಮೇಲಿನ ಲೆಕ್ಕದ ಯಂತ್ರ ಇಟ್ಟುಕೊಂಡು ಮಾಡಿದ ಕೆಲಸ ಅದು. ಪ್ರಕಟವಾದದ್ದು 1963ರಲ್ಲಿ. ಇಡೀ ನಕ್ಷೆಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ಕಡಿಮೆ ಜಾಗ ಮಾತ್ರ ವಾಸಯೋಗ್ಯ, ಉಳಿದದ್ದೆಲ್ಲ ನಿಷೇಧ. (ಗ್ಲೈಸೀನಿಗೆ ಮಾತ್ರ ಹೆಚ್ಚು ಸ್ವಾತಂತ್ರ್ಯ.) ಇದೇ 'ರಾಮಚಂದ್ರನ್ ನಕ್ಷೆ'. ಇವತ್ತಿಗೂ ಹೊಸ ಪ್ರೊಟೀನಿನ ಆಕಾರ ಬಿಡಿಸಿದವರು ಅದು ಸರಿಯಿದೆಯಾ ಅಂತ ನೋಡುವಾಗ ಈ ನಕ್ಷೆಯನ್ನು ಬಿಡುವುದಿಲ್ಲ.

ಮತ್ತೆ ಆ ತಕರಾರು? ನ್ಯಾಯ ಎರಡೂ ಕಡೆ ಹಂಚಿಹೋಯಿತು. 1994ರಲ್ಲಿ ಕೊಲಾಜೆನ್ನಿನಂಥ ಪೆಪ್ಟೈಡಿನ ಹರಳು ಬಿಡಿಸಿದಾಗ ಮೂರು ಮಣಿಗೆ ಒಂದೇ ನೇರ ಹೈಡ್ರೋಜನ್ ಬಂಧ ಕಂಡಿತು. ಅಂದರೆ ರಿಚ್-ಕ್ರಿಕ್ ಹೇಳಿದ್ದು ಸರಿ. ಆದರೆ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್ ಕೂಡ ಆಕ್ಸಿಜನ್ ಜೊತೆ ಹಗುರವಾದ ಬಂಧ ಕಟ್ಟಿಕೊಳ್ಳಬಲ್ಲದು, ಆದ್ದರಿಂದ ಅಲ್ಲಿ ಹತ್ತಿರ ಬರುವುದು ತಪ್ಪಲ್ಲ ಅಂತ ಮದ್ರಾಸಿನವರು 60ರ ದಶಕದಲ್ಲಿ ಹೇಳಿದ್ದರು. 1996ರಲ್ಲಿ ಅದೇ ಬಗೆಯ ಹರಳಿನಲ್ಲಿ ಅಂಥ ಬಂಧಗಳಿಗೂ ಪುರಾವೆ ಸಿಕ್ಕಿತು. ಮೂವತ್ತು ವರ್ಷ ತಡವಾಗಿ.

ಇನ್ನು ಬೆಂಗಳೂರಿಗೆ ಬರೋಣ. ಸತೀಶ್ ಧವನ್ ನಿರ್ದೇಶಕರಾಗಿದ್ದಾಗ ರಾಮಚಂದ್ರನ್ ಅವರನ್ನು ಕರೆಸಿಕೊಂಡರು. 1971ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ 'ಮಾಲಿಕ್ಯುಲಾರ್ ಬಯೋಫಿಸಿಕ್ಸ್ ಯೂನಿಟ್' ಶುರುವಾಯಿತು. ಅದೇ ವರ್ಷ ಎಂ. ವಿಜಯನ್ ಆಕ್ಸ್‌ಫರ್ಡಿನಿಂದ ವಾಪಸು ಬಂದರು. ಡೊರೊತಿ ಹಾಡ್ಜ್‌ಕಿನ್ ಅವರ ಗುಂಪು 1969ರಲ್ಲಿ ಇನ್ಸುಲಿನ್ನಿನ ಆಕಾರ ಬಿಡಿಸಿದಾಗ ಅದರಲ್ಲಿದ್ದವರು ಅವರು.

ಈಗ ನಮ್ಮ ಶೇಂಗಾ. ಶೇಂಗಾ ಕಾಳಿನಲ್ಲಿ ಲೆಕ್ಟಿನ್ ಅಂತ ಒಂದು ಪ್ರೊಟೀನಿದೆ. ಅದು ಕೆಲವು ಸಕ್ಕರೆಗಳನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ. ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಬಯಲಾಗುವ ಒಂದು ಸಕ್ಕರೆಯನ್ನೂ ಹಿಡಿಯುತ್ತದೆ, ಅದಕ್ಕೇ ಸಂಶೋಧಕರಿಗೆ ಅದು ಬೇಕು. ಒಂದೇ ಥರದ ನಾಲ್ಕು ತುಂಡು ಸೇರಿದ ಪ್ರೊಟೀನು. ಒಂದೇ ಥರದ ನಾಲ್ಕು ಸೇರಿದರೆ ಸಾಮಾನ್ಯವಾಗಿ ನಾಲ್ಕಕ್ಕೂ ಒಂದೇ ಬಗೆಯ ನೆರೆಹೊರೆ ಸಿಗುವಂತೆ ಸಮಮಿತಿಯಲ್ಲಿ ಕೂರುತ್ತವೆ. ವಿಜಯನ್, ಎ. ಸುರೋಲಿಯ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದ್ದು: ಶೇಂಗಾದ ನಾಲ್ಕು ಅಣ್ಣತಮ್ಮಂದಿರು ಹಾಗೆ ಕೂತಿಲ್ಲ! ಒಂದೊಂದು ತುಂಡನ್ನೂ ಬಿಡಿಯಾಗಿ ನೋಡಿದರೆ ಬಟಾಣಿಯಂಥ ಬೇರೆ ದ್ವಿದಳ ಕಾಳುಗಳ ಲೆಕ್ಟಿನ್ನಿನ ತದ್ರೂಪು. ಆದರೆ ಒಂದು ಇನ್ನೊಂದನ್ನು ಮುಟ್ಟುವ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮಣಿ ಬೇರೆ, ಅಷ್ಟಕ್ಕೇ ಇಡೀ ಮನೆಯ ಕಟ್ಟೋಣವೇ ಬೇರೆ. 1996ರಲ್ಲಿ ಇದೇ ಗುಂಪಿನಿಂದ ಹಲಸಿನ ಬೀಜದ ಲೆಕ್ಟಿನ್ನಿನ ಆಕಾರವೂ ಬಂತು. ಅದರದ್ದು ಇನ್ನೊಂದೇ ಮಡಿಕೆ.

ಅದೇ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ. ಬೆಂಗಳೂರಿನಲ್ಲಿ ಓದಿ, ನ್ಯೂಯಾರ್ಕಿನಲ್ಲಿ ಪಿಎಚ್‌ಡಿ ಮಾಡಿ, ಮುಂದೆ ನೊಬೆಲ್ ಪಡೆದ ಜಾನ್ ಪೋಪಲ್ ಜೊತೆ ಕೆಲಸ ಮಾಡಿ ಬಂದವರು. (ಕಪ್ಪುಕುಳಿಗಳ ಸಿ.ವಿ. ವಿಶ್ವೇಶ್ವರ ಅವರ ಪತಿ.) ಅವರು ಪ್ರೊಟೀನನ್ನು ಸಂಬಂಧಗಳ ಜಾಲವಾಗಿ ನೋಡಿದರು. ಪ್ರತಿ ಅಮೈನೊ ಆಮ್ಲ ಒಂದು ಬಿಂದು. ಎರಡರ ಪಕ್ಕದ ಕೊಂಬೆಗಳ ಪರಮಾಣುಗಳು 4.5 ಆಂಗ್‌ಸ್ಟ್ರಮ್ ಒಳಗೆ ಎಷ್ಟು ಜೋಡಿ ಇವೆ ಅಂತ ಎಣಿಸಿದರೆ ಅದು ಸಂಬಂಧದ ಬಲ. 1999ರಲ್ಲಿ ಎನ್. ಕಣ್ಣನ್ ಜೊತೆ, 2005ರಲ್ಲಿ ಕೆ.ವಿ. ಬೃಂದಾ ಜೊತೆ ಈ ದಾರಿಯ ಮುಖ್ಯ ಲೇಖನಗಳು ಬಂದವು.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, "ಎದುರು ಬಂದರೆ ನಮಸ್ಕಾರ ಅನ್ನುವವರೆಲ್ಲ ಸಂಬಂಧಿಕರು" ಅಂದರೆ ಇಡೀ ಪುರ್ತಗೇರಿ ಒಂದೇ ಮನೆತನ. "ಕೇಳಿದ ಕೂಡಲೇ ಸಾಲ ಕೊಡುವವರು ಮಾತ್ರ" ಅಂದರೆ ಊರು ಹತ್ತಾರು ಸಣ್ಣ ಗುಂಪಾಗಿ ಒಡೆಯುತ್ತದೆ. ಪ್ರೊಟೀನಿನಲ್ಲೂ ಹಾಗೇ. ಅಳತೆ ಬಿಗಿ ಮಾಡುತ್ತಾ ಹೋದಂತೆ ದೊಡ್ಡ ಜಾಲ ಒಂದು ಹಂತದಲ್ಲಿ ಥಟ್ಟನೆ ಒಡೆಯುತ್ತದೆ. ಆ ಹಂತ ಚಿಕ್ಕ ಪ್ರೊಟೀನಿಗೂ ದೊಡ್ಡದಕ್ಕೂ ಹೆಚ್ಚುಕಮ್ಮಿ ಒಂದೇ. ಬಹಳ ಜನರನ್ನು ಹಿಡಿದಿಟ್ಟುಕೊಳ್ಳುವ 'ಊರ ಗೌಡ'ರಂಥ ಮಣಿಗಳೂ ಸಿಗುತ್ತವೆ.

ಒಂದು ಸಂಪರ್ಕ ಏನು ಮಾಡಬಲ್ಲದು ಅನ್ನುವುದಕ್ಕೆ ಕುಡಗೋಲು ಕಣ ರೋಗ ನೋಡಿ. ಹಿಮೋಗ್ಲೋಬಿನ್ನಿನ ಒಂದು ಸರದ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬರುತ್ತದೆ. ಅದು ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಗುಳಿಗೆ ಹೋಗಿ ಕೂರುತ್ತದೆ. ಬೇಡದ ನಂಟು. ಅಣುಗಳು ಸಾಲಾಗಿ ಅಂಟಿ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ. ನಮ್ಮ ರಾಜ್ಯದ ಕಾಡಂಚಿನ ಹಾಡಿಗಳಲ್ಲೂ ಈ ನೋವು ಇದೆ.

2024ರ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ಬಂತು. ಮಣಿಗಳ ಕ್ರಮ ಕೊಟ್ಟರೆ ಆಕಾರ ಹೇಳುವ ಆಲ್ಫಾಫೋಲ್ಡ್ ಹಿಂದೆಯೂ ಇದೇ ಹಳೆಯ ಎಳೆ ಇದೆ. ಒಂದನ್ನೊಂದು ಮುಟ್ಟುವ ಎರಡು ಮಣಿಗಳಲ್ಲಿ ಒಂದು ಬದಲಾದರೆ ಇನ್ನೊಂದೂ ಹೊಂದಿಕೊಂಡು ಬದಲಾಗುತ್ತದೆ. ಚೌಕಟ್ಟು ಬದಲಾದರೆ ಬಾಗಿಲೂ ಬದಲಾಗಬೇಕಲ್ಲ, ಹಾಗೆ. ಅನೇಕ ಜೀವಿಗಳ ಪ್ರೊಟೀನುಗಳನ್ನು ಪಕ್ಕಪಕ್ಕ ಇಟ್ಟು ಯಾರು ಯಾರ ನೆರೆಯವರು ಅಂತ ಕಂಡುಹಿಡಿಯುವುದು ಆ ವಿದ್ಯೆಯ ಒಂದು ಮುಖ್ಯ ಬೇರು.

ರಾಮಚಂದ್ರನ್ 2001ರಲ್ಲಿ, ವಿಜಯನ್ 2022ರಲ್ಲಿ ತೀರಿಕೊಂಡರು. ರಾಮಚಂದ್ರನ್ ಅವರಿಗೆ ನೊಬೆಲ್ ಬರಲಿಲ್ಲ ಅಂತ ಈಗಲೂ ಬೇಸರಪಡುವವರಿದ್ದಾರೆ. ನನಗೆ ಅದಕ್ಕಿಂತ ಬೇಸರ, ಇವರ ಕೆಲಸದ ಕಥೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುವುದು ತೀರಾ ಕಡಿಮೆ ಅನ್ನುವುದು. ನಕ್ಷೆಯ ಹೆಸರು ಬಾಯಿಪಾಠವಾಗುತ್ತದೆ. ಟೀಕೆ ಬಂದಾಗ ಅಳತೆಪಟ್ಟಿ ಹಿಡಿದು ಕೂತವರ ಕಥೆ ಗೊತ್ತಾಗುವುದಿಲ್ಲ. ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಇಂಥ ಒಂದೊಂದು ಕಥೆ ಬರೆದರೆ ಹೇಗೆ? ಬರೆದರೆ ತಿಳಿಸಿ, ಖಂಡಿತ ಬಂದು ಓದುತ್ತೇನೆ.